ಅಕ್ಕನ ಹೆಸರಿನಲ್ಲಿ ಎರಡು ನಂಬರು

ಡಿಪೋದಲ್ಲಿ ಅವಳಿಗೆ ರೈಟಕ್ಕ ಎಂದೇ ಹೆಸರು. ಬಸ್ಸಿನ ಹಿಂಬಾಗಿಲಲ್ಲಿ ನಿಂತು ‘ರೈಟ್, ರೈಟ್’ ಎಂದಳೆಂದರೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವನೂ ಬೆಚ್ಚಿ ಎದ್ದು ಕೂರಬೇಕು, ಅಂಥ ಗಂಟಲು. ಆ ಗಂಟಲನ್ನು ಹೊತ್ತುಕೊಂಡು, ವರ್ಷಗಟ್ಟಲೆ ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಅವಳು ವಿಮಾನ ಹತ್ತಿದ್ದು ಪರದೇಶ ನೋಡುವ ಆಸೆಯಿಂದಲ್ಲ. ಒಡಹುಟ್ಟಿದ ತಂಗಿಯ ಜೊತೆ ಎದುರು ಬದುರು ನಿಂತು ಜಗಳ ಆಡಬೇಕಾಗಿತ್ತು.

ಜಗಳಕ್ಕೆ ಕಾರಣವೂ ಸಣ್ಣದಲ್ಲ. ಅಮ್ಮ ಹಾಸಿಗೆ ಹಿಡಿದಾಗ ತಂಗಿ ಬರುತ್ತೇನೆ, ಬರುತ್ತೇನೆ ಎಂದಳು. ಬರಲಿಲ್ಲ. ಅಮ್ಮ ಬಾಗಿಲ ಕಡೆ ಮುಖ ಮಾಡಿಕೊಂಡೇ ಹೋದಳು. ಮಣ್ಣಿಗೂ ತಂಗಿ ಬರಲಿಲ್ಲ. ಟಿಕೆಟ್ ಸಿಗಲಿಲ್ಲ ಅಂತ ಒಮ್ಮೆ, ಗಂಡನಿಗೆ ಬಿಡುವಿಲ್ಲ ಅಂತ ಇನ್ನೊಮ್ಮೆ; ಆಮೇಲೆ ಫೋನ್ ಎತ್ತಿದರೂ ಅಳು ಬಿಟ್ಟು ಬೇರೆ ಮಾತಿಲ್ಲ. ಟಿಕೆಟ್ ಸಿಗಲಿಲ್ಲವೆಂಬ ನೆವವನ್ನು ಕಂಡಕ್ಟರಿಗೇ ಹೇಳುತ್ತಾಳಲ್ಲ, ಎಷ್ಟು ಕೊಬ್ಬು! ಒಂದು ವರ್ಷ ಅಕ್ಕ ಈ ಉರಿಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಓಡಾಡಿದಳು. ಕೊನೆಗೆ, ಹೇಳದೆ ಕೇಳದೆ ಹೋಗಿ ಎದುರು ನಿಲ್ಲುತ್ತೇನೆ, ಆಗ ಯಾವ ನೆವ ಹೇಳುತ್ತಾಳೋ ನೋಡೋಣ ಎಂದು ಹೊರಟುಬಿಟ್ಟಳು.

ಎರಡು ವರ್ಷದ ಹಿಂದೆ, ತಂಗಿಗೆ ಹೊಟ್ಟೆಯ ಆಪರೇಷನ್ ಆದಾಗ, ಅಕ್ಕ ಒಮ್ಮೆ ಇಲ್ಲಿಗೆ ಬಂದು ಹೋಗಿದ್ದಳು. ಮನೆ ಗೊತ್ತಿತ್ತು. ಪೆಟ್ಟಿಗೆ ಎಳೆದುಕೊಂಡು ಮೂರನೆಯ ಮಹಡಿ ಹತ್ತಿ ಗಂಟೆ ಒತ್ತಿದರೆ ಬಾಗಿಲು ಅಂಗೈ ಅಗಲ ತೆರೆದು ಯಾರೋ ಅಪರಿಚಿತ ಹೆಂಗಸು ಮೂಗು ಹೊರಗೆ ಹಾಕಿದಳು. ಇಲ್ಲ, ಗೊತ್ತಿಲ್ಲ, ನಾವು ಬಂದು ವರ್ಷದ ಮೇಲಾಯಿತು ಎಂದಳು. ಬಾಗಿಲು ಮುಚ್ಚಿಕೊಂಡಿತು. ಮನೆ ಬದಲಾಯಿಸಿದ್ದನ್ನೂ ಹೇಳಿಲ್ಲ!

ಊರಿನ ಸಿಮ್ಮು ಗಡಿ ದಾಟಿದ ಕೂಡಲೇ ಸತ್ತುಹೋಗಿತ್ತು. ಅಕ್ಕ ಬಸ್ ನಿಲ್ದಾಣದ ಬಳಿ ಒಂದು ಅಗ್ಗದ ಲಾಡ್ಜಿನಲ್ಲಿ ಪೆಟ್ಟಿಗೆ ಇಟ್ಟು, ಮುಖಕ್ಕೆ ನೀರು ಹಾಕಿಕೊಂಡು, ರಸ್ತೆ ತಿರುವಿನಲ್ಲಿದ್ದ ಮೊಬೈಲ್ ಕಂಪನಿಯ ಅಂಗಡಿಗೆ ಬಂದಳು. ಒಳಗೆ ಉದ್ದದ ಸಾಲು. ಕೌಂಟರಿನ ಹೆಂಗಸು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಅವರ ಪಾಸ್‌ಪೋರ್ಟ್ ನೋಡುತ್ತಿದ್ದಳು. ಅಕ್ಕನ ಸರದಿ ಬಂದಾಗಲೂ ಅಷ್ಟೇ. ಪಾಸ್‌ಪೋರ್ಟನ್ನು ಯಂತ್ರದ ಬಾಯಿಗೆ ಇಟ್ಟಳು, ಪರದೆ ನೋಡಿದಳು, ಪಾಸ್‌ಪೋರ್ಟನ್ನು ವಾಪಸ್ಸು ತಳ್ಳಿದಳು.

“ಕೊಡೋಕೆ ಆಗಲ್ಲ. ಮುಂದಿನವರು ಬನ್ನಿ.”

ಪ್ರವಾಸಿಗಳ ರೂಟಿನಲ್ಲಿ ದುಡಿದು ದುಡಿದು ಅಕ್ಕ ನಾಲ್ಕಾರು ಭಾಷೆಯಲ್ಲಿ ಬೈಯಲು ಕಲಿತಿದ್ದಳು. ಬೈಯಲು ಬಂದ ಭಾಷೆಯಲ್ಲಿ ಕೇಳಲಿಕ್ಕೂ ಬರುತ್ತದೆ. ಹರುಕೋ ಮುರುಕೋ, ಅಲುಗಾಡದೆ ನಿಂತು ಕೇಳಿದಳು.

“ಯಾಕೆ ಆಗಲ್ಲ? ದುಡ್ಡು ಕೊಡಲ್ಲ ಅಂದ್ನಾ ನಾನು?”

“ಒಂದು ಪಾಸ್‌ಪೋರ್ಟಿಗೆ ಎರಡೇ ನಂಬರು. ನಿಮ್ಮದರ ಮೇಲೆ ಆಗಲೇ ಎರಡಿವೆ. ಮೂರನೇದು ಇಲ್ಲ.”

“ಎರಡೆಲ್ಲಿಂದ ಬಂತು? ಹೋದ ಸಲ ಒಂದು ತಗೊಂಡಿದ್ದೆ. ಅದನ್ನ ತಂಗಿಗೆ ಬಿಟ್ಟು ಹೋದೆ. ಒಂದೇ.”

“ಯಂತ್ರ ಸುಳ್ಳು ಹೇಳಲ್ಲ.”

“ಹಾಗಾದ್ರೆ ನಾನು ಹೇಳ್ತಿದೀನಾ?”

ಹಿಂದೆ ನಿಂತವರು ಗೊಣಗತೊಡಗಿದರು. ಅಕ್ಕ ತಿರುಗಿ ಒಂದು ನೋಟ ಎಸೆದಳು. ತುಂಬಿದ ಬಸ್ಸನ್ನೇ ಅಡಗಿಸಿದ ನೋಟ ಅದು, ಸಾಲು ತಣ್ಣಗಾಯಿತು. ಕೌಂಟರಿನವಳು ಇವಳು ಹೋಗುವ ಗಿರಾಕಿಯಲ್ಲ ಎಂದು ಕಂಡುಕೊಂಡು ಪರದೆಯನ್ನು ಅವಳ ಕಡೆ ತಿರುಗಿಸಿದಳು. ಎರಡು ನಂಬರು, ಎರಡರ ಪಕ್ಕದಲ್ಲೂ ಅಕ್ಕನದೇ ಫೋಟೊ. ಒಂದರಲ್ಲಿ ಕನ್ನಡಕ ಇದೆ, ಇನ್ನೊಂದರಲ್ಲಿ ಇಲ್ಲ.

ಆಗ ನೆನಪಾಯಿತು. ಹೋದ ಸಲ ತಂಗಿಯ ಗಂಡ ವಿಮಾನ ನಿಲ್ದಾಣಕ್ಕೇ ಬಂದಿದ್ದ. ಪಾಸ್‌ಪೋರ್ಟ್ ಕೊಡಿ ಅತ್ತಿಗೆ, ಸಿಮ್ ಮಾಡಿಸಿಬಿಡೋಣ ಎಂದು ಬೆಣ್ಣೆಯಂಥ ಮಾತಾಡಿ, ಕ್ಯಾಮೆರಾದ ಮುಂದೆ ನಿಲ್ಲಿಸಿ, ಸರಿಯಾಗಿ ಬಂದಿಲ್ಲ, ಕನ್ನಡಕ ತೆಗೆದು ಇನ್ನೊಮ್ಮೆ ನಿಲ್ಲಿ ಎಂದಿದ್ದ. ನಿಂತಿದ್ದಳು. ನಿದ್ದೆಗಣ್ಣಿನಲ್ಲಿ, ಮನೆ ಅಳಿಯನ ಉಪಚಾರ ನೋಡಿ ಒಳಗೊಳಗೇ ಹಿಗ್ಗಿದ್ದಳು ಬೇರೆ.

ಮೊದಲ ನಂಬರು ತಂಗಿಯದು. ಬಿಟ್ಟು ಹೋದ ಸಿಮ್ ಸುಮ್ಮನೆ ಯಾಕೆ ಕೊಳೆಯಬೇಕು, ನಾನೇ ಇಟ್ಟುಕೊಂಡೆ ಎಂದು ಅವಳೇ ಹೇಳಿದ್ದಳು. ಎರಡನೆಯದು? ಅದನ್ನು ಮನಸ್ಸಿನಲ್ಲಿ ಓದಿಕೊಳ್ಳುತ್ತ ಅಕ್ಕ ತಲೆಯೆತ್ತಿದರೆ, ಅಂಗಡಿಯ ಮೂಲೆಯಲ್ಲಿದ್ದ ತಣ್ಣೀರಿನ ಯಂತ್ರದ ಮೈಮೇಲೆ ನೀಲಿ ಸ್ಟಿಕ್ಕರೊಂದು ಅಂಟಿಕೊಂಡಿತ್ತು. ಫ್ರಿಜ್, ವಾಷಿಂಗ್ ಮಷೀನ್ ರಿಪೇರಿ. ಕೆಳಗೆ ಅದೇ ನಂಬರು, ಅದರ ಕೆಳಗೆ ವಿಳಾಸ. ತಂಗಿಯ ಗಂಡನ ಕಸುಬೇ ಅದು.

“ಅದು ನಿಮ್ಮ ಅಂಗಡೀನಾ?” ಎಂದಳು ಕೌಂಟರಿನವಳು, ಮೊದಲ ಸಲ ಮುಖ ನೋಡಿ. “ಊರಲ್ಲಿ ಅರ್ಧ ಫ್ರಿಜ್ ಮೇಲೆ ಆ ಸ್ಟಿಕ್ಕರ್ ಇದೆ.”

“ನನ್ನದಲ್ಲ. ತಂಗಿ ಗಂಡಂದು. ತಂಗೀನೂ ನಾಲ್ಕು ವರ್ಷದಿಂದ ಇಲ್ಲೇ ಇದಾಳೆ.”

“ಇಲ್ಲಿ ವಾಸ ಇರೋರಿಗೆ ಪ್ರವಾಸಿ ನಂಬರು ಯಾಕೆ? ಅವರ ನಂಬರು ಅವರ ವಾಸದ ಕಾರ್ಡಿನ ಮೇಲಿರಬೇಕು. ಕಾರ್ಡ್ ಸತ್ತರೆ ನಂಬರೂ ಸಾಯುತ್ತೆ. ಅಂಥೋರೇ ನೆಂಟರ ಪಾಸ್‌ಪೋರ್ಟ್ ಹುಡುಕೋದು.” ಅವಳು ಪರದೆಯನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಳು. “ಆ ನಂಬರಿಂದ ಯಾರೇನು ಮಾಡಿದರೂ ಜವಾಬ್ದಾರಿ ನಿಮ್ಮದೇ. ನೆನಪಿರಲಿ. ಮುಂದಿನವರು!”

ವಿಳಾಸ ನಿಲ್ದಾಣದ ಹಿಂಬದಿಯ ಓಣಿಯಲ್ಲಿತ್ತು. ಹೊರಗಡೆ ಬಿಚ್ಚಿ ಹಾಕಿದ ಫ್ರಿಜ್‌ಗಳು ಬಾಯಿ ತೆರೆದುಕೊಂಡು ಸಾಲಾಗಿ ನಿಂತಿದ್ದವು. ವರ್ಕ್‌ಶಾಪಿನ ಪಕ್ಕದಲ್ಲಿ ಒಂದು ಕಬ್ಬಿಣದ ಬಾಗಿಲು, ಅದರ ಹಿಂದೆ ಎರಡು ಕೋಣೆ. ಅಕ್ಕ ಬಡಿದಳು. ಒಳಗೆ ಪಾತ್ರೆಯ ಸದ್ದು ನಿಂತಿತು. ಮತ್ತೆ ಬಡಿದಳು.

“ನಾನು ಕಣೆ. ಬಾಗ್ಲು ತೆಗಿ.”

ಚಿಲಕ ಸರಿಯಿತು. ತಂಗಿ ಬೆಳ್ಳಗಾಗಿದ್ದಳು. ಚೆಲುವಿನ ಬಿಳುಪಲ್ಲ, ಮಂಚದಡಿ ಇಟ್ಟ ಆಲೂಗಡ್ಡೆಗೆ ಬರುವ ಮೊಳಕೆಯ ಬಿಳುಪು. ಅಕ್ಕನನ್ನು ಕಂಡು ಅವಳು ಅಪ್ಪಿಕೊಳ್ಳಲಿಲ್ಲ. ಓಣಿಯ ಎರಡೂ ತುದಿ ನೋಡಿ, ರಟ್ಟೆ ಹಿಡಿದು ಒಳಗೆಳೆದು ಮತ್ತೆ ಬಾಗಿಲು ಹಾಕಿದಳು.

“ಯಾಕೆ ಬಂದೆ?”

“ಬಾ ಅಕ್ಕ, ಕೂತ್ಕೋ ಅನ್ನಲ್ಲ, ನೀರು ಕೊಡಲ್ಲ, ಯಾಕೆ ಬಂದೆ ಅಂತೀಯಾ? ಹೆತ್ತ ತಾಯಿ ಮುಖ ನೋಡೋಕೆ ಬರದೋಳು ಹೇಗಿದ್ದಾಳೆ ಅಂತ ನೋಡೋಕೆ ಬಂದೆ!”

“ಮೆಲ್ಲಗೆ ಮಾತಾಡು.”

“ಯಾರಿಗೆ ಹೆದರಿ ಮೆಲ್ಲಗೆ ಮಾತಾಡ್ಲಿ?”

ತಂಗಿ ಕಿವಿಗೆ ಫೋನಿನ ತಂತಿ ಸಿಕ್ಕಿಸಿಕೊಂಡಿದ್ದಳು. ಮೇಜಿನ ಮೇಲಿದ್ದ ಫೋನ್ ರಿಂಗಾಯಿತು. ಅವಳು ಥಟ್ಟನೆ ಬೇರೆಯೇ ದನಿಯಲ್ಲಿ, ಇಲ್ಲಿಯ ಭಾಷೆಯಲ್ಲಿ, ನಯವಾಗಿ ಮಾತಾಡಿದಳು. ಯಾವ ಮಷೀನು, ನೀರು ಸೋರುತ್ತಿದೆಯೋ ಸದ್ದು ಮಾಡುತ್ತಿದೆಯೋ, ಹೋದ ಸಲ ಪೈಪು ಬದಲಾಯಿಸಿದ್ದೆವಲ್ಲ, ನಾಳೆ ಬೆಳಗ್ಗೆ ಹುಡುಗರನ್ನು ಕಳಿಸುತ್ತೇನೆ. ಮಾತು ಮುಗಿದದ್ದೇ ಅವಳ ಮುಖ ಮತ್ತೆ ಮುದುಡಿತು. ಸ್ಟಿಕ್ಕರಿನ ನಂಬರಿಗೆ ಉತ್ತರ ಕೊಡುವವಳು ಇವಳೇ ಎಂದು ಅಕ್ಕನಿಗೆ ಆಗ ತಿಳಿಯಿತು.

ಬೈಗುಳಗಳು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಅವುಗಳನ್ನು ತಡೆದು, ವರ್ಷಗಟ್ಟಲೆ ಪ್ರಯಾಣಿಕರ ಮುಂದೆ ಚಾಚಿದ ಹಾಗೆ ತಂಗಿಯ ಮುಂದೆ ಕೈ ಚಾಚಿದಳು.

“ನಿನ್ನ ವಾಸದ ಕಾರ್ಡ್ ತೋರ್ಸು.”

ತಂಗಿ ಕಿಟಕಿ ಕಡೆ ಮುಖ ತಿರುಗಿಸಿದಳು.

“ಪಾಸ್ ಇಲ್ದೋರು ಹೀಗೇ ಕಿಟಕಿ ಕಡೆ ನೋಡ್ತಾರೆ ಕಣೆ, ನಂಗೊತ್ತು. ಎಷ್ಟು ದಿನ ಆಯ್ತು ಅದು ಸತ್ತು?”

“ನೀನು ಹೋದ ಸಲ ಬರೋ ಮೊದಲೇ,” ಎಂದಳು ತಂಗಿ. ಆಮೇಲೆ ಮಾತು ಒಡೆದ ಪೈಪಿನಿಂದ ಬಂದ ಹಾಗೆ ಬಂತು. ಕಾರ್ಡು ಗಂಡನ ಕಾರ್ಡಿಗೆ ಅಂಟಿಕೊಂಡದ್ದು, ಅವನೇ ಹೋಗಿ ಹೊಸದು ಮಾಡಿಸಬೇಕು. ಮೊದಲು ಬಿಡುವಿಲ್ಲ ಎಂದ. ಆಮೇಲೆ ದಂಡ ಬೆಳೆದಿದೆ, ಸ್ವಲ್ಪ ದಿನ ತಡಿ ಎಂದ. ಆಮೇಲೆ ಅದರ ಮಾತೇ ಎತ್ತಲಿಲ್ಲ. ಹೊರಗೆ ಹೋದರೆ ಯಾವ ಮೂಲೆಯಲ್ಲಾದರೂ ಕಾರ್ಡ್ ಕೇಳುತ್ತಾರೆ. ವಿಮಾನ ನಿಲ್ದಾಣಕ್ಕೆ ಹೋದರೆ ಅಲ್ಲೇ ಹಿಡಿದು ಕೂರಿಸುತ್ತಾರೆ. ಪಾಸ್‌ಪೋರ್ಟು ಅವನ ಕಬ್ಬಿಣದ ಬೀರುವಿನಲ್ಲಿದೆ, ಬೀಗದ ಕೈ ಅವನ ಸೊಂಟದಲ್ಲಿದೆ. ಇವಳು ಬೆಳಗ್ಗಿನಿಂದ ಸಂಜೆಯವರೆಗೆ ಫೋನ್ ಎತ್ತಬೇಕು, ಕೆಲಸದವರಿಗೆ ಬೇಯಿಸಿ ಹಾಕಬೇಕು.

“ಬಾಯಿ ಬಿಟ್ಟು ನಂಗೊಂದು ಮಾತು ಹೇಳೋಕೆ ಏನಾಗಿತ್ತು?”

ತಂಗಿ ಉತ್ತರ ಕೊಡುವ ಮೊದಲೇ ಹೊರಗಿನಿಂದ ಬೀಗ ತಿರುಗಿತು.

ತಂಗಿಯ ಗಂಡ ಉಪಕರಣಗಳ ಚೀಲ ಕೆಳಗಿಟ್ಟು, ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಎಂದೂ ದನಿ ಏರಿಸದ ಮನುಷ್ಯ. ಮೊದಮೊದಲು ಅಕ್ಕ ಅದನ್ನು ಒಳ್ಳೆಯ ಗುಣವೆಂದೇ ತಿಳಿದಿದ್ದಳು. ಫ್ರಿಜ್ ರಿಪೇರಿ ಮಾಡಿ ಮಾಡಿ ಇವನ ಎದೆಯೊಳಗೂ ಐಸ್ ಕಟ್ಟಿಕೊಂಡಿದೆ ಎಂದು ಇವತ್ತು ಅನ್ನಿಸಿತು.

“ಓಹೋ, ಅತ್ತಿಗೆ! ಹೇಳ್ದೆ ಕೇಳ್ದೆ ಬಂದ್ಬಿಟ್ಟಿದೀರಿ.”

“ಹೇಳ್ದೆ ಕೇಳ್ದೆ ಕೆಲ್ಸ ಮಾಡೋದು ನಿಮ್ಮಿಂದ್ಲೇ ಕಲ್ತಿದ್ದು. ನನ್ನ ಹೆಸ್ರಲ್ಲಿ ಎರಡೆರಡು ನಂಬರು ಮಾಡಿಸಿದೀರಂತಲ್ಲ?”

ಅವನು ಒಂದು ಕ್ಷಣ ಹೆಂಡತಿಯ ಮುಖ ನೋಡಿದ. “ಅದಾ? ಕೆಲಸದೋರ ನಂಬರೆಲ್ಲ ನನ್ನ ಕಾರ್ಡ್ ಮೇಲಿತ್ತು, ನನ್ನ ಮಿತಿ ಮುಗ್ದಿತ್ತು. ಮನೆಯೋರ ಹೆಸ್ರಲ್ಲಿ ಮಾಡಿಸ್ದೆ. ಅದ್ರಲ್ಲೇನಿದೆ?”

“ಮನೆಯೋಳು ಅಂತ ಇಲ್ಲೇ ಒಬ್ಳು ಇದ್ಲಲ್ಲ, ಅವಳ ಹೆಸ್ರಲ್ಲಿ ಯಾಕೆ ಆಗ್ಲಿಲ್ಲ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅವನ ಕೈ ತಾನಾಗಿಯೇ ಸೊಂಟದ ಬೀಗದ ಕೈಗೊಂಚಲಿಗೆ ಹೋಯಿತು.

“ಮಾಡಿಸ್ತೀನಿ, ಇವತ್ತಲ್ಲ ನಾಳೆ. ಮನೆ ಒಳಗೇ ಇರೋಳಿಗೆ ಕಾರ್ಡ್ ಯಾಕೆ ಅಷ್ಟು ಅರ್ಜೆಂಟು? ಗೋಡೆಗೆ ತೋರಿಸ್ಬೇಕಾ?”

“ಅಮ್ಮ ಸತ್ತಾಗ್ಲೂ ಅರ್ಜೆಂಟ್ ಆಗ್ಲಿಲ್ವಾ ನಿಮ್ಗೆ?”

“ನೋಡಿ ಅತ್ತಿಗೆ, ನೆಂಟ್ರು ನೆಂಟ್ರ ಹಾಗಿದ್ರೆ ಚೆಂದ.” ದನಿ ಆಗಲೂ ಏರಲಿಲ್ಲ. “ಬೇಕಾದ್ರೆ ಹೋಗಿ ಪೊಲೀಸ್ರಿಗೆ ಹೇಳಿ. ಬಂದು ಯಾರನ್ನ ಎಳ್ಕೊಂಡು ಹೋಗ್ತಾರೆ ಗೊತ್ತಾ? ನನ್ನ ಕಾರ್ಡ್ ಸರಿಯಾಗಿದೆ. ಕಾರ್ಡ್ ಇಲ್ದಿರೋಳು ಇವಳು. ನಿಮ್ ತಂಗೀನ ನೀವೇ ಜೈಲಿಗೆ ಹಾಕಿಸ್ದಂಗಾಗುತ್ತೆ.”

ಅಕ್ಕ ಅವನ ಕಡೆ ಒಂದು ಹೆಜ್ಜೆ ಇಟ್ಟಳು. ಅವಳ ತೋಳು ಹಿಡಿದವಳು ತಂಗಿ.

“ಹೋಗಕ್ಕ. ದಮ್ಮಯ್ಯ, ಹೋಗು. ನೀನು ಬಂದು ಇರೋದನ್ನೂ ಹಾಳು ಮಾಡ್ತಿದೀಯ.”

ಆ ಮಾತು ಗಂಡನ ಮಾತಿಗಿಂತ ಆಳಕ್ಕೆ ಚುಚ್ಚಿತು. ಕಬ್ಬಿಣದ ಬಾಗಿಲು ಬೆನ್ನ ಹಿಂದೆ ಮುಚ್ಚಿಕೊಂಡಾಗ ಅಕ್ಕನಿಗೆ ಯಾರ ಮೇಲೆ ಹೆಚ್ಚು ಸಿಟ್ಟೆಂದು ತೂಗಿ ನೋಡಲೂ ಆಗಲಿಲ್ಲ. ಓಣಿಯ ತುದಿಯವರೆಗೂ ಬಾಯಿಗೆ ಬಂದ ಹಾಗೆ ಬೈದುಕೊಂಡೇ ನಡೆದಳು. ಗೋಡೆಯ ಮೇಲೊಂದು ನೀಲಿ ಸ್ಟಿಕ್ಕರು, ವಿದ್ಯುತ್ ಕಂಬದ ಮೇಲೊಂದು, ಹೋಟೆಲಿನ ಬಾಗಿಲ ಮೇಲೊಂದು. ಎಲ್ಲಿ ನೋಡಿದರೂ ಅದೇ ನಂಬರು. ಅವಳ ನಡಿಗೆ ನಿಧಾನವಾಯಿತು. ಅವನ ಜುಟ್ಟು ಊರಿಡೀ ಅಂಟಿಕೊಂಡಿದೆ, ಅದರ ತುದಿ ತನ್ನ ಪಾಸ್‌ಪೋರ್ಟಿನಲ್ಲಿದೆ!

ಮರುದಿನ ಮೊಬೈಲ್ ಅಂಗಡಿಯ ಬಾಗಿಲು ತೆಗೆಯುವಾಗ ಸಾಲಿನಲ್ಲಿ ಮೊದಲಿಗೆ ನಿಂತವಳು ಅವಳೇ. ಕೌಂಟರಿನವಳು ಇವಳನ್ನು ಕಂಡು ಮುಖ ಹುಳ್ಳಗೆ ಮಾಡಿಕೊಂಡಳು.

“ಮೂರನೇ ನಂಬರು ಕೊಡಲ್ಲ ಅಂತ ನಿನ್ನೇನೇ ಹೇಳಿದೆ.”

“ಯಾರು ಕೇಳಿದ್ರು? ಇರೋದ್ರಲ್ಲಿ ಎರಡನೇದು ನಿಲ್ಲಿಸಿ.”

“ಕಾರಣ?”

“ನಾನದನ್ನ ಮುಟ್ಟೂ ಇಲ್ಲ.”

“ನಿಮ್ಮ ಹೆಸರಲ್ಲಿದೆಯಲ್ಲ.”

“ನನ್ನ ಹೆಸ್ರಲ್ಲಿದೆ ಅಂತಾನೇ ನಿಲ್ಸಿ ಅನ್ನೋಕೆ ನಂಗೆ ಅಧಿಕಾರ ಇರೋದು. ಅಲ್ವಾ?”

ಅದಕ್ಕೆ ಎದುರಾಡಲು ನಿಯಮವಿರಲಿಲ್ಲ. ಗುರುತಿಗೆ ಕ್ಯಾಮೆರಾದ ಮುಂದೆ ನಿಲ್ಲಿಸಿದಾಗ, ಕನ್ನಡಕ ಹಾಕಿಕೊಂಡೋ ತೆಗೆದೋ ಎಂದು ಅಕ್ಕ ಕೇಳಿದಳು. ಹೇಗಾದರೂ ನಿಲ್ಲಿ ಎಂದು ಕೌಂಟರಿನವಳು ರೇಗಿದಳು. ಯಂತ್ರ ಮುಖವನ್ನು ಒಪ್ಪಿಕೊಂಡಿತು. ಒಂದು ವಾರದೊಳಗೆ ಬಂದರೆ ಇದೇ ನಂಬರಿಗೆ ಮತ್ತೆ ಜೀವ ಕೊಡಬಹುದು, ದಾಟಿದರೆ ಅದು ಇನ್ಯಾರದೋ ಪಾಲು ಎಂದಳು. ಬೇರೆಯವರ ಹೆಸರಿಗೆ ವರ್ಗ ಮಾಡುವುದಿದ್ದರೆ ಇಬ್ಬರೂ ಖುದ್ದಾಗಿ, ಸರಿಯಾದ ಗುರುತು ಕಾಗದ ತರಬೇಕು. ಅಲ್ಲಿಯತನಕ ನಿಲ್ಲಿಸಿದ ನಂಬರೂ ಲೆಕ್ಕಕ್ಕೆ ಸೇರುವುದರಿಂದ ಅಕ್ಕನಿಗೆ ಹೊಸ ಸಿಮ್ ಇಲ್ಲವೇ ಇಲ್ಲ.

ಲಾಡ್ಜಿನ ಕೌಂಟರಿನ ಮೇಲಿದ್ದ ಫೋನಿನಿಂದ ತಂಗಿಯ ನಂಬರಿಗೆ ಕರೆ ಮಾಡಿದಳು.

“ಏನ್ ಮಾಡ್ದೆ ಅಕ್ಕ?” ತಂಗಿ ಪಿಸುಗುಟ್ಟಿದಳು. “ಬೆಳಗ್ಗಿಂದ ಒಂದು ಕಾಲೂ ಬಂದಿಲ್ಲ. ಟವರ್ ಕೆಟ್ಟಿದೆ ಅಂತ ಅವ್ರು ಫೋನ್ ಹಿಡ್ಕೊಂಡು ತಾರಸಿ ಹತ್ತಿದಾರೆ.”

“ಇಳಿದ್ಮೇಲೆ ಹೇಳು. ಕೆಟ್ಟಿರೋದು ಟವರಲ್ಲ, ಅತ್ತಿಗೆ ತಲೆ ಅಂತ. ನಿಲ್ದಾಣದ ಎದುರಿನ ಲಾಡ್ಜಲ್ಲಿದೀನಿ. ನಿನ್ನ ಪಾಸ್‌ಪೋರ್ಟ್ ಹಿಡ್ಕೊಂಡು ಬಂದ್ರೆ ಮಾತು, ಇಲ್ದಿದ್ರೆ ಇಲ್ಲ.”

“ಆ ನಂಬರಿಂದ್ಲೇ ನನ್ನ ಊಟಾನೂ ನಡೀತಿದೆ ಅಂತ ನಿಂಗೆ ಹೊಳೀಲಿಲ್ವಾ?” ಎಂದು ತಂಗಿ ಫೋನ್ ಇಟ್ಟಳು.

ಅವನು ಅಂದು ಬರಲಿಲ್ಲ. ಮರುದಿನವೂ ಇಲ್ಲ. ಅಕ್ಕ ಲಾಡ್ಜಿನ ಕಿಟಕಿಯಲ್ಲಿ ಕೂತು ಬಸ್ಸುಗಳನ್ನು ನೋಡಿದಳು. ಅವನು ಸಿಟ್ಟನ್ನು ಒಳಗಿರುವವಳ ಮೇಲೆ ತೀರಿಸಿಕೊಂಡರೆ ಎಂದು ಭಯವಾಗುತ್ತಿತ್ತು. ಎರಡು ಸಲ ಮೊಬೈಲ್ ಅಂಗಡಿಯವರೆಗೆ ಹೋಗಿ, ನಂಬರಿಗೆ ಮತ್ತೆ ಜೀವ ಕೊಡಿ ಎಂದು ಹೇಳಿಬಿಡೋಣ ಎಂದುಕೊಂಡು ಬಾಗಿಲಿನಿಂದ ವಾಪಸ್ಸು ಬಂದಳು. ತಂಗಿಗೆ ಕರೆ ಮಾಡಿದರೆ, ಬದುಕಿದೀನಿ ಎಂದಷ್ಟೇ ಹೇಳಿ ಅವಳು ಫೋನ್ ಇಡುತ್ತಿದ್ದಳು.

ಕೊನೆಗೆ ಬಂದ. ಕೆಳಗೆ ಲಾಡ್ಜಿನ ಪಡಸಾಲೆಯಲ್ಲಿ ಅವನ ಗಂಟಲು ಕೇಳಿದಾಗ ಅಕ್ಕನಿಗೆ ಅದು ಯಾರದೆಂದೇ ತಿಳಿಯಲಿಲ್ಲ. ಐಸು ಕರಗಿತ್ತು.

“ಹಾಳಾಗೋಯ್ತು ನನ್ನ ವ್ಯಾಪಾರ! ಎಷ್ಟು ವರ್ಷದ ನಂಬರದು? ಯಾರ ಮನೆ ಮುರಿಯೋಕೆ ಬಂದಿದೀಯ ನೀನು?”

“ನಿನ್ನೆ ಮೊನ್ನೆವರೆಗೆ ನೀವು ಅಂತಿದ್ರಿ. ಸಿಮ್ ಜೊತೆ ಮರ್ಯಾದೆನೂ ಕಟ್ಟಾಯ್ತಾ?”

“ಕೇಸ್ ಹಾಕ್ತೀನಿ.”

“ಹಾಕು. ಅತ್ತಿಗೆ ಹೆಸ್ರಲ್ಲಿ ಕದ್ದು ನಂಬರು ಮಾಡಿಸಿದ್ದೆ, ಅವಳು ನಿಲ್ಲಿಸಿಬಿಟ್ಲು ಅಂತ ಬರ್ಸು. ನಾನೇ ಬಂದು ಸಾಕ್ಷಿ ಹೇಳ್ತೀನಿ.”

ಅವನು ಕೂಗಿದ, ಕೈ ಮುಗಿದ, ಮತ್ತೆ ಕೂಗಿದ. ಇಂಥವರನ್ನು ಅಕ್ಕ ದಿನಕ್ಕೆ ಹತ್ತು ಮಂದಿ ನೋಡಿದವಳು: ಟಿಕೆಟ್ ತಗೊಳ್ಳುವವರೆಗೆ ಹಾರಾಟ, ಬಸ್ ನಿಲ್ಲಿಸಿ ಇಳಿ ಎಂದ ಕೂಡಲೇ ಚಿಲ್ಲರೆ ಹೊರಗೆ ಬರುತ್ತದೆ. ಅವನ ಗಂಟಲು ಬತ್ತುವವರೆಗೆ ಕಾದು ಒಂದೇ ಸಲ ಹೇಳಿದಳು. ತಂಗಿಯ ಕಾರ್ಡು ಹೊಸದಾಗಬೇಕು, ದಂಡ ಅವನೇ ಕಟ್ಟಬೇಕು, ಪಾಸ್‌ಪೋರ್ಟು ಅವಳ ಕೈಗೆ ಬರಬೇಕು. ಆಮೇಲೆ ನಂಬರಿಗೆ ಜೀವ ಬರುತ್ತದೆ.

“ಆಮೇಲೆ ನೀವು ಮಾತು ತಪ್ಪಿದ್ರೆ?” ಅವನು ಮತ್ತೆ ನೀವು ಎಂದ.

“ನಿನ್ನ ಹಾಗೆ ನಾಳೆ ನಾಳೆ ಅನ್ನೋಳಲ್ಲ ನಾನು.”

ಮರುದಿನ, ವಲಸೆ ಕಚೇರಿಯ ಹಾಲಿನಲ್ಲಿ ಕುರ್ಚಿಗಳು ನೆಲಕ್ಕೆ ಮೊಳೆ ಹೊಡೆಸಿಕೊಂಡಿದ್ದವು. ತಂಗಿ ವ್ಯಾನಿನಿಂದ ಇಳಿದಲ್ಲಿಂದ ಗೋಡೆ ಸವರಿಕೊಂಡು ನಡೆದು ಬಂದಿದ್ದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಗಾಜಿನ ಹಿಂದಿನ ಅಧಿಕಾರಿ ಮೂವರಿಗೂ ಒಟ್ಟಿಗೆ ಬೈದ. ಅಪರಾಧಿ ಯಾರೆಂದು ವಿಂಗಡಿಸುವ ತಾಳ್ಮೆ ಅವನಿಗಿರಲಿಲ್ಲ. ಇಷ್ಟು ದಿನ ಎಲ್ಲಿದ್ದಿರಿ, ನಿಯಮವೆಂದರೆ ತಮಾಷೆಯೇ, ಮತ್ತೆ ಹೀಗಾದರೆ ಹೊರದಬ್ಬುತ್ತೇವೆ. ತಂಗಿಯ ಗಂಡ ತಲೆತಗ್ಗಿಸಿ ರುಜು ಹಾಕಿದ, ದಂಡ ಕಟ್ಟಿದ. ಕಾರ್ಡು ಬರುವವರೆಗೆ ಗುರುತಿಗೆ ಸಾಕು ಎಂದು ಮೊಹರು ಹಾಕಿದ ಕಾಗದವನ್ನು ಅಧಿಕಾರಿ ಕಿಂಡಿಯಿಂದ ಎಸೆದ. ಪಾಸ್‌ಪೋರ್ಟಿನ ಜೊತೆ ಅದನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡವಳು ತಂಗಿ.

ಅವನು ವ್ಯಾನು ತರಲು ಹೋದ. ಕಚೇರಿಯ ಮೆಟ್ಟಿಲ ಮೇಲೆ ಅಕ್ಕ ತಂಗಿ ಇಬ್ಬರೇ.

“ಇನ್ನೇನು, ನಾಡಿದ್ದು ನನ್ ಜೊತೆ ಹೊರಟ್ಬಿಡು,” ಎಂದಳು ಅಕ್ಕ. “ಇವನ ನೆರಳೂ ಬೇಡ.”

“ನಾನು ಬರ್ತೀನಿ ಅಂತ ಯಾರು ಹೇಳಿದ್ರು?”

ಅಕ್ಕ ಅವಳ ಕಡೆ ತಿರುಗಿದಳು.

“ಅಲ್ಲಿ ಬಂದು ಏನ್ ಮಾಡ್ಲಿ? ನಿನ್ನ ಮನೆ ಮೂಲೇಲಿ ಕೂತು, ನೀನು ದಿನಾ ಎತ್ತಿ ಆಡೋದನ್ನ ಕೇಳ್ಲಾ? ಇಲ್ಲಿ ಈ ಊರಿನ ಅರ್ಧ ಜನಕ್ಕೆ ನನ್ನ ದನಿ ಗೊತ್ತು. ಯಾವ ಮನೆ ಫ್ರಿಜ್ ಯಾವಾಗ ಕೆಡುತ್ತೆ ಅಂತ ನಂಗೊತ್ತು. ಆ ಅಂಗಡಿ ನಿಂತಿರೋದು ನನ್ನ ಬಾಯಿ ಮೇಲೆ.”

“ಥೂ, ನಿನ್ನ! ನಾಯಿ ಥರ ಕೂಡಿ ಹಾಕಿದ್ದ ಕಣೆ ಅವನು! ಅವನಿಂದ ತಾನೇ ಅಮ್ಮ ಬಾಗಿಲು ನೋಡ್ತಾ ನೋಡ್ತಾ...”

“ಅಮ್ಮಂಗೆ ಗೊತ್ತಿತ್ತು.”

“ಏನ್ ಗೊತ್ತಿತ್ತು?”

“ಎಲ್ಲಾ. ಕಾರ್ಡ್ ಇಲ್ಲ, ಬರೋಕಾಗಲ್ಲ ಅಂತ ಫೋನಲ್ಲಿ ಹೇಳಿದ್ದೆ. ನೀನು ಡ್ಯೂಟಿಗೆ ಹೋದಾಗ ಮಾತಾಡ್ತಿದ್ವಿ. ಅಮ್ಮನೇ ಅಂದಿದ್ದು, ಅಕ್ಕಂಗೆ ಹೇಳ್ಬೇಡ, ಅವಳು ಊರೆಲ್ಲ ಕೇಳೋ ಹಾಗೆ ಕೂಗಾಡ್ತಾಳೆ, ಅವನು ಇನ್ನೂ ಕಾಟ ಕೊಡ್ತಾನೆ ಅಂತ. ಬಾಗಿಲು ನೋಡ್ತಿದ್ದಿದ್ದು ನಾನು ಬರ್ತೀನಿ ಅಂತಲ್ಲ ಅಕ್ಕ. ಬಹುಶಃ ನೀನು ಕೆಲ್ಸದಿಂದ ಬಂದ್ಯಾ ಅಂತ.”

ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಮ್ಮನ ಕೊನೆಯ ದಿನಗಳಲ್ಲಿ ತಾನು ಡಬಲ್ ಡ್ಯೂಟಿ ಮಾಡುತ್ತಿದ್ದದ್ದು, ಮನೆಗೆ ಬಂದ ಕೂಡಲೇ ಬರದ ತಂಗಿಯನ್ನು ಶಪಿಸುತ್ತ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದದ್ದು, ಅಮ್ಮ ಒಂದು ಮಾತೂ ಆಡದೆ ನುಂಗುತ್ತಿದ್ದದ್ದು ಕಣ್ಣ ಮುಂದೆ ಬಂತು. ಬೈಯಬೇಕೆನಿಸಿತು. ಯಾರಿಗೆ? ಸತ್ತವಳಿಗೆ ಬೈಯಲಾದೀತೆ? ಪಕ್ಕದಲ್ಲಿ ನಿಂತವಳು ಕಣ್ಣೊರೆಸಿಕೊಳ್ಳಲಿಲ್ಲ, ಅಕ್ಕನ ಹೆಗಲ ಮೇಲೆ ಕೈಯನ್ನೂ ಇಡಲಿಲ್ಲ. ವ್ಯಾನಿನ ಹಾರನ್ ಕೇಳಿತು.

ಮೊಬೈಲ್ ಅಂಗಡಿಯವರೆಗೆ ಮೂವರೂ ವ್ಯಾನಿನಲ್ಲೇ ಬಂದರು. ಅಲ್ಲಿ ತಂಗಿಯ ಗಂಡ ಸಾಲಿನ ತುದಿಯಲ್ಲಿ ನಿಂತು, ತನ್ನ ಹಿರಿಯ ಕೆಲಸಗಾರನ ಹೆಸರಿಗೆ ನಂಬರನ್ನು ವರ್ಗ ಮಾಡಿಬಿಡಿ, ಅವನೀಗ ಬರುತ್ತಾನೆ ಎಂದು ಅಕ್ಕನಿಗೆ ಹೇಳುತ್ತಿದ್ದ. ಸರದಿ ಬಂತು. ಅಕ್ಕ ತನ್ನ ಪಾಸ್‌ಪೋರ್ಟ್ ಇಟ್ಟಳು. ಅದರ ಪಕ್ಕಕ್ಕೆ ಇನ್ನೊಂದು ಕೈ ಬಂದು ಮೊಹರಿನ ಕಾಗದ ಇಟ್ಟಿತು.

“ನನ್ನ ಹೆಸರಿಗೆ ಮಾಡಿ,” ಎಂದಳು ತಂಗಿ, ಇಲ್ಲಿಯ ಭಾಷೆಯಲ್ಲಿ, ಫೋನಿನಲ್ಲಿ ಮಾತಾಡುವ ನಯವಾದ ದನಿಯಲ್ಲಿ.

“ಏನಿದು?” ಅವನು ಸಾಲು ಮುರಿದು ಮುಂದೆ ನುಗ್ಗಿದ. “ಏನ್ ಆಟ ಇದು? ಅತ್ತಿಗೆ, ಮಾತು ಕೊಟ್ಟಿದ್ರಿ!”

“ನಂಬರು ವಾಪಸ್ ಬರುತ್ತೆ ಅಂದಿದ್ದೆ,” ಎಂದಳು ಅಕ್ಕ. “ಯಾರ ಹೆಸ್ರಿಗೆ ಅಂ‌ದಿರ್ಲಿಲ್ಲ.” ಹಾಗೆ ಹೇಳುವವರೆಗೆ ಅವಳಿಗೂ ಅದು ಹೊಳೆದಿರಲಿಲ್ಲ.

ಅವನು ಹೆಂಡತಿಯ ತೋಳಿಗೆ ಕೈ ಹಾಕಿದ. ಕೌಂಟರಿನವಳು ಪರದೆಯಿಂದ ತಲೆಯೆತ್ತಿದಳು.

“ಕೊಡೋರು ಇವರು, ತಗೊಳ್ಳೋರು ಇವರು. ನೀವ್ಯಾರು? ನಿಮಗಿಲ್ಲಿ ಕೆಲಸ ಇಲ್ಲ. ಹಳದಿ ಗೆರೆ ಆಚೆ ನಿಲ್ಲಿ.”

“ನನ್ನ ಅಂಗಡಿ ನಂಬರದು!”

“ಇಲ್ಲಿ ಹಾಗೆ ಬರೆದಿಲ್ಲ. ಗೆರೆ ಆಚೆ, ಇಲ್ಲಾಂದ್ರೆ ಗಾರ್ಡನ್ನ ಕರೀತೀನಿ.”

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವನು ಗೆರೆಯ ಆಚೆಗೆ ಹೋದ. ತಂಗಿ ಕ್ಯಾಮೆರಾದ ಮುಂದೆ ನಿಂತಳು. ಯಂತ್ರಕ್ಕೆ ಅವಳ ಮುಖ ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಸ ಸಿಮ್ಮನ್ನು ಫೋನಿಗೆ ಹಾಕುತ್ತ ಅವಳು ಗಂಡನ ಕಡೆ ತಿರುಗಿ, ಮನೆಯ ಮಾತಿನಲ್ಲಿ, ಹೇಳಿದಳು:

“ನನ್ನ ಕಾರ್ಡ್ ಅವಧಿ ಮುಗಿದ್ರೆ ಇನ್ಮೇಲೆ ಇದೂ ಮುಗಿಯುತ್ತೆ. ತಾರೀಖು ನೆನಪಿಟ್ಕೊಳ್ಳಿ. ಬಾಗಿಲ ಬೀಗದ ಕೈ ಇನ್ನೊಂದು ಮಾಡ್ಸಿ, ನಂಗೆ ಬೇಕು. ಫೋನ್ ನಾನೇ ಎತ್ತಬೇಕೋ, ಅಂಗಡಿ ಮುಚ್ಚಬೇಕೋ, ನೀವೇ ನೋಡಿ.”

ಅವನ ಕಣ್ಣಿನಲ್ಲಿದ್ದ ಹಗೆ ಅಕ್ಕನಿಗೂ ಕಂಡಿತು. ಇದು ಸುಲಭಕ್ಕೆ ಮುಗಿಯುವ ಲೆಕ್ಕವಲ್ಲ, ಇವತ್ತು ಗೆದ್ದವಳು ನಾಳೆ ಅದೇ ಎರಡು ಕೋಣೆಗೆ ವಾಪಸ್ಸು ಹೋಗಬೇಕು. ಅದು ತಂಗಿಗೂ ಗೊತ್ತಿತ್ತು. ಆದರೂ ಅವಳು ಪಾಸ್‌ಪೋರ್ಟನ್ನು ರವಿಕೆಯೊಳಗೆ ಇಳಿಬಿಟ್ಟು, ಸೆರಗು ಬಿಗಿದುಕೊಂಡಳು.

ಹೊರಗೆ ಪಾದಚಾರಿ ದಾರಿಯಲ್ಲಿ ಫೋನಿಗೆ ಉಸಿರು ಬಂತು. ತಡೆದಿಟ್ಟ ಕರೆಗಳೆಲ್ಲ ಒಂದರ ಮೇಲೊಂದು ಬಿದ್ದವು. ತಂಗಿ ಮೊದಲನೆಯದಕ್ಕೆ ಹಲೋ ಎಂದಳು, ಕ್ಷಮಿಸಿ, ನಾಲ್ಕು ದಿನ ನಂಬರು ಕೆಟ್ಟಿತ್ತು ಎಂದಳು.

“ಏನಾದ್ರೂ ಆದ್ರೆ ಫೋನ್ ಮಾಡು,” ಎಂದಳು ಅಕ್ಕ.

ತಂಗಿ ಫೋನಿನ ಮೇಲೆ ಅಂಗೈ ಮುಚ್ಚಿ, “ಬೈಯಲ್ಲ ಅಂದ್ರೆ ಮಾಡ್ತೀನಿ,” ಎಂದಳು.

“ಅದು ಮಾತ್ರ ಹೇಳೋಕಾಗಲ್ಲ.”

ತಂಗಿ ನಗಲಿಲ್ಲ. ಆಚೆ ಬದಿಯ ಗಿರಾಕಿ ಅವಸರ ಮಾಡಿರಬೇಕು, ಅಂಗೈ ತೆಗೆದು, ಹೇಳಿ, ಯಾವ ಮಷೀನು ಎನ್ನುತ್ತ ಹೊರಟಳು. ಈ ಸಲ ಗೋಡೆ ಬಿಟ್ಟು ನಡೆದಳು. ವ್ಯಾನನ್ನು ಅಲ್ಲೇ ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ, ಕೈ ಬೀಸದೆ, ಅವಳ ಗಂಡ ನಡೆದ. ಅವರಿಬ್ಬರೂ ಓಣಿಗೆ ತಿರುಗುವವರೆಗೆ ಅಕ್ಕ ಅಲ್ಲೇ ನಿಂತಿದ್ದು, ಆಮೇಲೆ ಪೆಟ್ಟಿಗೆ ಕಟ್ಟಲು ಲಾಡ್ಜಿನ ಕಡೆ ಹೋದಳು.